ಮನೆಯ ಮೋಟಾರುಗಳ ವೇಗಕ್ಕೆ ರಿಮೋಟ್: ಕಾಸರಗೋಡಿನ ಮನೆಗಳಿಗೊಂದು ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಒಳನಾಡಿನ ತೋಟದ ಮನೆಗಳಲ್ಲಿ, ಅದು ಬದಿಯಡ್ಕವಿರಲಿ, ಪೆರ್ಲವಿರಲಿ, ಮುಳ್ಳೇರಿಯವಿರಲಿ, ಇಂದು ಹಲವೆಡೆ ಉಳಿದಿರುವವರು ಹಿರಿಯರು ಮಾತ್ರ. ಮಕ್ಕಳು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಇರುತ್ತಾರೆ. ಮೇ ತಿಂಗಳ ಸೆಕೆಗೆ ಪೂರ್ತಿ ವೇಗದಲ್ಲಿಟ್ಟು ಮಲಗಿದ ಫ್ಯಾನು, ನಡುರಾತ್ರಿ ಒಂದು ಮಳೆ ಸುರಿದು ತಂಪಾದ ಕೂಡಲೇ ಮೈ ಕೊರೆಯತೊಡಗುತ್ತದೆ. ಆಗ ಮಂಡಿನೋವಿನ ಹಿರಿಯರು ಕತ್ತಲಲ್ಲಿ ಎದ್ದು, ಗೋಡೆ ತಡವಿಕೊಂಡು ರೆಗ್ಯುಲೇಟರಿನ ಬಳಿ ಹೋಗಬೇಕು. ಅಂಥ ಮನೆಗಳಲ್ಲಿ ಫ್ಯಾನಿನ ರಿಮೋಟ್ ಆಡಂಬರದ ವಸ್ತುವಲ್ಲ, ಬಿದ್ದು ಸೊಂಟ ಮುರಿದುಕೊಳ್ಳುವುದನ್ನು ತಪ್ಪಿಸುವ ಉಪಾಯ.

ಆದರೆ ರಿಮೋಟ್ ಕೊಂಡು ತಂದು ಯಾವ ಮೋಟಾರಿಗೆ ಬೇಕಾದರೂ ಜೋಡಿಸಬಹುದು ಎಂಬ ತಿಳಿವಳಿಕೆ ತಪ್ಪು. ಕೈಯಲ್ಲಿರುವ ರಿಮೋಟ್ ಆಜ್ಞೆಯನ್ನು ಮುಟ್ಟಿಸುತ್ತದೆಯೇ ಹೊರತು ವೇಗವನ್ನು ಬದಲಿಸುವುದಿಲ್ಲ. ವೇಗವನ್ನು ಬದಲಿಸುವುದು ಗೋಡೆಯೊಳಗೋ ಫ್ಯಾನಿನೊಳಗೋ ಕುಳಿತಿರುವ ನಿಯಂತ್ರಣ ಮಂಡಲ, ಮತ್ತು ಅದು ಆ ಮೋಟಾರಿನ ಜಾತಿಗೆ ಹೊಂದಿಕೆಯಾಗಲೇಬೇಕು. ಹೊಂದದಿದ್ದರೆ ಮೋಟಾರು ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಕಾಯಿಲ್ (ಒಳಗಿನ ತಾಮ್ರದ ತಂತಿಯ ಸುರುಳಿ) ಸುಡುತ್ತದೆ. ಆದ್ದರಿಂದ ಈ ಲೇಖನದಲ್ಲಿ ರಿಮೋಟಿಗಿಂತ ಮೊದಲು ಮೋಟಾರಿನ ಮಾತು ಬರುತ್ತದೆ.

ಮೊದಲ ಹೆಜ್ಜೆ: ಮೋಟಾರು ಯಾವುದೆಂದು ಗುರುತಿಸುವುದು

ಹಳೆಯ ಸೀಲಿಂಗ್ ಫ್ಯಾನ್, ಟೇಬಲ್ ಫ್ಯಾನ್, ಎಕ್ಸಾಸ್ಟ್ ಫ್ಯಾನ್ ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರು. ಸೀಲಿಂಗ್ ಫ್ಯಾನಿನ ಮೇಲಿನ ಕಪ್ಪಿನೊಳಗೆ (ಕಪ್ಪು ಎಂದರೆ ಬಟ್ಟಲಿನಂಥ ಮುಚ್ಚಳ) ಅಥವಾ ಮೋಟಾರಿನ ಪಕ್ಕದಲ್ಲಿ ಹೆಬ್ಬೆರಳ ಗಾತ್ರದ ಒಂದು ಕೆಪಾಸಿಟರ್ ಕಂಡರೆ ಅದು ಈ ಜಾತಿಯದೆಂದು ತಿಳಿಯಬಹುದು. ಅದರ ಮೇಲೆ ಹೆಚ್ಚಾಗಿ 2.5 ಮೈಕ್ರೊಫ್ಯಾರಡ್ ಎಂದು ಬರೆದಿರುತ್ತದೆ. ನಮ್ಮ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. 16 ಧ್ರುವಗಳ ಮೋಟಾರಿನಲ್ಲಿ ಕಾಂತಕ್ಷೇತ್ರವು ನಿಮಿಷಕ್ಕೆ 375 ಸುತ್ತು ತಿರುಗುತ್ತದೆ, ರೋಟರ್, ಅಂದರೆ ತಿರುಗುವ ಭಾಗ, ಅದಕ್ಕಿಂತ ಸ್ವಲ್ಪ ಹಿಂದೆ ಉಳಿಯುತ್ತದೆ. ವೋಲ್ಟೇಜ್ ಇಳಿಸಿದಾಗ ಈ ಹಿಂದುಳಿಯುವಿಕೆ ಹೆಚ್ಚುತ್ತದೆ, ವೇಗ ಕಡಿಮೆಯಾಗುತ್ತದೆ. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಸಿಯುತ್ತದೆಯಾದರೂ, ನಿಧಾನವಾಗಿ ತಿರುಗುವ ರೆಕ್ಕೆಗೆ ಬೇಕಾದ ಬಲವೂ ವೇಗದ ವರ್ಗದಂತೆಯೇ ಇಳಿಯುವುದರಿಂದ ಫ್ಯಾನು ನಿಲ್ಲದೆ ತಿರುಗುತ್ತಿರುತ್ತದೆ. ಫ್ಯಾನಿಗೆ ರೆಗ್ಯುಲೇಟರ್ ಹಿಡಿಸುವುದಕ್ಕೂ ಫ್ರಿಜ್ಜಿನ ಕಂಪ್ರೆಸರಿಗೆ ಹಿಡಿಸದಿರುವುದಕ್ಕೂ ಕಾರಣ ಇದೇ. ಕಂಪ್ರೆಸರಿಗೆ ನಿಧಾನಗತಿಯಲ್ಲಿಯೂ ಪೂರ್ಣ ಬಲ ಬೇಕು. ವೋಲ್ಟೇಜ್ ಇಳಿದರೆ ಅದು ನಿಂತೇ ಹೋಗಿ ಬಿಸಿಯಾಗುತ್ತದೆ.

ಎರಡನೆಯದು ಬಿಎಲ್‌ಡಿಸಿ, ಅಂದರೆ ಬ್ರಶ್ ಇಲ್ಲದ ಡಿಸಿ ಮೋಟಾರು. ಇದರ ತಿರುಗುವ ಭಾಗದಲ್ಲಿ ಶಾಶ್ವತ ಆಯಸ್ಕಾಂತಗಳಿರುತ್ತವೆ, ಬ್ರಶ್ ಇರುವುದಿಲ್ಲ. ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಮೊದಲು 230 ವೋಲ್ಟ್ ಎಸಿಯನ್ನು ಡಿಸಿಯಾಗಿ ಬದಲಿಸಿ, ಅನಂತರ ಮೂರು ಸುರುಳಿಗಳಿಗೆ ಸರದಿಯಂತೆ ವಿದ್ಯುತ್ತು ಹಾಯಿಸುತ್ತದೆ. ವೇಗವನ್ನು ಈ ಬೋರ್ಡೇ ನಿರ್ಧರಿಸುವುದರಿಂದ ರಿಮೋಟ್ ಫ್ಯಾನಿನ ಜೊತೆಗೇ ಬರುತ್ತದೆ.

ಮೂರನೆಯದು ಮಿಕ್ಸಿಯಲ್ಲೂ ಹೊಲಿಗೆ ಯಂತ್ರದ ಮೋಟಾರಿನಲ್ಲೂ ಇರುವ ಯೂನಿವರ್ಸಲ್ ಮೋಟಾರು. ಕಾರ್ಬನ್ ಬ್ರಶ್, ಕಿಡಿ, ಜೋರು ಸದ್ದು ಇವು ಅದರ ಗುರುತು. ನಾಲ್ಕನೆಯದು ಪಂಪಿನ ಮೋಟಾರು. ಅದು ಇಂಡಕ್ಷನ್ ಜಾತಿಯದೇ ಆದರೂ ಅದರ ನಡೆ ಬೇರೆ, ಆದ್ದರಿಂದ ಅದರ ವಿಚಾರವನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಹೇಳುತ್ತೇನೆ.

ಎರಡನೆಯ ಹೆಜ್ಜೆ: ವೇಗ ಇಳಿಸುವ ವಿಧಾನವನ್ನು ಆರಿಸುವುದು

ಹಳೆಯ ಹಂಚಿನ ಮನೆಗಳಲ್ಲಿ ಮರದ ಹಲಗೆಯ ಮೇಲೆ ಕೂರಿಸಿದ, ದೊಡ್ಡ ಗುಂಡಿಯ ರೆಗ್ಯುಲೇಟರ್ ಪೆಟ್ಟಿಗೆ ಇನ್ನೂ ಅಲ್ಲಲ್ಲಿ ಕಾಣಸಿಗುತ್ತದೆ. ಅದರೊಳಗಿರುವುದು ತಂತಿ ಸುತ್ತಿದ ರೆಸಿಸ್ಟರ್. ವೇಗ ಕಡಿಮೆ ಮಾಡಿದಾಗ ಅದು ಉಳಿದ ವಿದ್ಯುತ್ತನ್ನು ಶಾಖವಾಗಿ ಹೊರಹಾಕುತ್ತದೆ. ಒಂದು ತಾಸು ಫ್ಯಾನನ್ನು ಒಂದರಲ್ಲೋ ಎರಡರಲ್ಲೋ ಇಟ್ಟು ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಬಿಸಿ ತಿಳಿಯುತ್ತದೆ. ಅದರ ಬದಲಿಗೆ ಬಂದ ಸಣ್ಣ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳಲ್ಲಿ ಟ್ರಯಾಕ್ ಎಂಬ ಸ್ವಿಚ್ ಇದೆ. ಅದು ಎಸಿಯ ಪ್ರತಿ ಅರ್ಧ ಅಲೆಯ ಮೊದಲ ಭಾಗವನ್ನು ತಡೆದು ಉಳಿದ ಭಾಗವನ್ನಷ್ಟೇ ಫ್ಯಾನಿಗೆ ಬಿಡುತ್ತದೆ. ಶಾಖ ಕಡಿಮೆ, ಆದರೆ ಹೀಗೆ ಕತ್ತರಿಸಿದ ಅಲೆಯಿಂದ ಮೋಟಾರಿನಲ್ಲಿ ಗುಂಯ್ ಎಂಬ ಸದ್ದು ಹುಟ್ಟುತ್ತದೆ, ರಾತ್ರಿಯ ನಿಶ್ಶಬ್ದದಲ್ಲಿ ಅದು ನಿದ್ರೆ ಕೆಡಿಸುವಷ್ಟಿರುತ್ತದೆ.

ಮೂರನೆಯ ವಿಧಾನ ಕೆಪಾಸಿಟರ್ ಹಂತಗಳದು. ಫ್ಯಾನಿನ ಸಾಲಿನಲ್ಲಿ ಬೇರೆ ಬೇರೆ ಬೆಲೆಯ ಕೆಪಾಸಿಟರುಗಳನ್ನು ಸೇರಿಸುತ್ತಾ ತೆಗೆಯುತ್ತಾ ವೋಲ್ಟೇಜನ್ನು ಹಂತ ಹಂತವಾಗಿ ಇಳಿಸಲಾಗುತ್ತದೆ. ಅಲೆಯ ಆಕಾರ ಕೆಡುವುದಿಲ್ಲ, ಸದ್ದಿಲ್ಲ, ಶಾಖವೂ ಹೆಚ್ಚಿಲ್ಲ. ಹಳೆಯ ಫ್ಯಾನನ್ನು ಉಳಿಸಿಕೊಂಡು ರಿಮೋಟ್ ಹಾಕಿಸುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಒಳಗಿರುವುದು ಟ್ರಯಾಕೋ, ಕೆಪಾಸಿಟರೋ? ನನ್ನ ಅಭಿಪ್ರಾಯದಲ್ಲಿ ಮಲಗುವ ಕೋಣೆಗೆ ಕೆಪಾಸಿಟರ್ ಹಂತದ ರಿಮೋಟ್ ರೆಗ್ಯುಲೇಟರನ್ನಲ್ಲದೆ ಬೇರೆಯದನ್ನು ಕೊಳ್ಳಬಾರದು. ಬಲ್ಬಿನ ಬೆಳಕು ಏರಿಳಿಸುವ ಡಿಮ್ಮರನ್ನು ಫ್ಯಾನಿಗೆ ಜೋಡಿಸುವವರೂ ಇದ್ದಾರೆ; ಅದು ಮೋಟಾರಿನಂತಹ ಹೊರೆಗೆ ತಯಾರಾದದ್ದಲ್ಲ, ಜೋಡಿಸಬೇಡಿ.

ಬಿಎಲ್‌ಡಿಸಿ ಫ್ಯಾನಿಗೆ ಈ ಮೂರರಲ್ಲಿ ಯಾವುದನ್ನೂ ಜೋಡಿಸುವಂತಿಲ್ಲ. ಗೋಡೆಯ ಹಳೆಯ ರೆಗ್ಯುಲೇಟರನ್ನು ಹಾಗೆಯೇ ಬಿಟ್ಟು ಹೊಸ ಬಿಎಲ್‌ಡಿಸಿ ಫ್ಯಾನ್ ತೂಗಿಹಾಕಿದರೆ, ಯಾರೋ ತಿಳಿಯದೆ ಗುಂಡಿ ತಿರುಗಿಸಿದ ದಿನ ಫ್ಯಾನಿನ ಬೋರ್ಡಿಗೆ ಸರಿಯಾದ ವೋಲ್ಟೇಜ್ ಸಿಗದೆ ಅದು ಕೆಡಬಹುದು. ರೆಗ್ಯುಲೇಟರನ್ನು ತೆಗೆದು ಅದರ ಎರಡು ತಂತಿಗಳನ್ನು ನೇರ ಜೋಡಿಸಿ, ಗೋಡೆಯ ತೂತನ್ನು ಖಾಲಿ ಪ್ಲೇಟಿನಿಂದ ಮುಚ್ಚುವುದೇ ಸರಿಯಾದ ಕ್ರಮ.

ಮೂರನೆಯ ಹೆಜ್ಜೆ: ಆಜ್ಞೆ ಸಾಗುವ ದಾರಿ

ಅಗ್ಗದ್ದೂ ಸರಳವೂ ಆದದ್ದು ಇನ್‌ಫ್ರಾರೆಡ್, ಅಂದರೆ ಟಿವಿ ರಿಮೋಟಿನ ದಾರಿ. ರಿಮೋಟಿನ ತುದಿಯ ಎಲ್‌ಇಡಿ ಕಣ್ಣಿಗೆ ಕಾಣದ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿನುಗಿಸುತ್ತದೆ. ಎದುರಿನ ಗ್ರಾಹಕ (ಸಂಕೇತ ಹಿಡಿಯುವ ರಿಸೀವರ್) ಆ ಮಿನುಗನ್ನು ಮಾತ್ರ ಆರಿಸಿಕೊಂಡು ಉಳಿದ ಬೆಳಕನ್ನು ಕಡೆಗಣಿಸುತ್ತದೆ. ಇದಕ್ಕೆ ಗೋಡೆ ದಾಟುವ ಶಕ್ತಿ ಇಲ್ಲ. ಮಲಗುವ ಕೋಣೆಗೆ ಅದೇ ಅನುಕೂಲ, ಏಕೆಂದರೆ ಒಂದು ಕೋಣೆಯ ಗುಂಡಿ ಒತ್ತಿದರೆ ಇನ್ನೊಂದು ಕೋಣೆಯ ಫ್ಯಾನ್ ನಿಲ್ಲುವುದಿಲ್ಲ. ಆದರೆ ಒಂದೇ ಚಾವಡಿಯಲ್ಲಿ ಒಂದೇ ಮಾದರಿಯ ಎರಡು ಫ್ಯಾನುಗಳಿದ್ದರೆ ಒಂದು ರಿಮೋಟಿಗೆ ಎರಡೂ ಓಗೊಡುವುದುಂಟು. ಹಾಗಿರುವಲ್ಲಿ ಜೋಡಣೆ ಮಾಡಿಸಿಕೊಳ್ಳುವ ಸೌಲಭ್ಯವಿರುವ ರೇಡಿಯೊ ರಿಮೋಟ್ ಒಳ್ಳೆಯದು. ರೇಡಿಯೊ ರಿಮೋಟುಗಳಲ್ಲಿ ಹಲವು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ, ಗೋಡೆ ದಾಟುತ್ತವೆ, ಗುರಿಯಿಟ್ಟು ಹಿಡಿಯಬೇಕಾಗಿಲ್ಲ. ಕೈ ನಡುಗುವ ಹಿರಿಯರಿಗೆ ಈ ಕೊನೆಯ ಗುಣ ತುಂಬ ದೊಡ್ಡದು.

ವೈಫೈ ದಾರಿಯಲ್ಲಿ ಫೋನೇ ರಿಮೋಟ್. ಇದರ ಮಾಡ್ಯೂಲುಗಳು (ಸ್ವಿಚ್ ಬೋರ್ಡಿನೊಳಗೆ ಕೂರುವ ನಿಯಂತ್ರಣ ಪೆಟ್ಟಿಗೆಗಳು) ಬಹುಮಟ್ಟಿಗೆ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಮಾತ್ರ ಹಿಡಿಯುತ್ತವೆ. ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಫೋನನ್ನು ಹಿಡಿದುಕೊಂಡಿದ್ದರೆ ಮೊದಲ ಜೋಡಣೆಯೇ ಆಗದಿರಬಹುದು. ನಮ್ಮ ಮುರಕಲ್ಲಿನ ದಪ್ಪ ಗೋಡೆಗಳು ಸಂಕೇತವನ್ನು ಚೆನ್ನಾಗಿ ಕುಗ್ಗಿಸುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ವಿಚ್ ಬೋರ್ಡು ಇರುವ ಜಾಗದಲ್ಲಿ ಫೋನ್ ಹಿಡಿದು ವೈಫೈ ಎಷ್ಟು ಗೆರೆ ತೋರಿಸುತ್ತದೆಂದು ನೋಡಿಯೇ ಮಾಡ್ಯೂಲ್ ಕೊಳ್ಳಿ. ಮನೆಯ ವೈಫೈಗೂ ಆ್ಯಪಿನ ಖಾತೆಗೂ ಗಟ್ಟಿಯಾದ, ಬೇರೆ ಬೇರೆ ಪಾಸ್‌ವರ್ಡ್ ಇರಲಿ. ದುಬೈಯಲ್ಲಿರುವ ಮಗ ಊರಿನ ತಾಯಿಯ ಕೋಣೆಯ ಫ್ಯಾನನ್ನು ನಿಧಾನಗೊಳಿಸಬಹುದು ಎಂಬುದು ನಿಜವೇ, ಆದರೆ ಇಂಟರ್ನೆಟ್ ಕಡಿದ ರಾತ್ರಿ ಅದು ನಡೆಯುವುದಿಲ್ಲ. ಆದ್ದರಿಂದ ಯಾವ ದಾರಿಯನ್ನು ಆರಿಸಿದರೂ ಗೋಡೆಯ ಸ್ವಿಚ್ಚು ಮೊದಲಿನಂತೆ ಕೆಲಸ ಮಾಡುತ್ತಿರಲೇಬೇಕು. ಸ್ವಿಚ್ಚನ್ನು ಪೂರ್ತಿ ತೆಗೆದುಹಾಕುವ ಯಾವ ಏರ್ಪಾಟನ್ನೂ ಒಪ್ಪಬೇಡಿ.

ಹಳೆಯ ಫ್ಯಾನನ್ನು ಉಳಿಸುವುದೋ, ಹೊಸದನ್ನು ತರುವುದೋ

ಹಳೆಯ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟ್. ದಿನಕ್ಕೆ ಹತ್ತು ತಾಸು ತಿರುಗಿದರೆ ಮೊದಲನೆಯದಕ್ಕೆ 0.75 ಯೂನಿಟ್, ಎರಡನೆಯದಕ್ಕೆ 0.3 ಯೂನಿಟ್. ಕೆ.ಎಸ್.ಇ.ಬಿ. (ಕೇರಳದ ವಿದ್ಯುತ್ ಮಂಡಳಿ) ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಅದೇ ಲೆಕ್ಕದಲ್ಲಿ ಹೇಳುವುದಾದರೆ ಒಂದು ಫ್ಯಾನಿಗೆ 60 ದಿನಗಳಲ್ಲಿ 27 ಯೂನಿಟ್ ಉಳಿತಾಯ. ನಾಲ್ಕು ಫ್ಯಾನುಗಳಿದ್ದರೆ 108 ಯೂನಿಟ್. ಬಳಕೆ ಎರಡು ತಿಂಗಳಿಗೆ 500 ಯೂನಿಟ್ ದಾಟಿದರೆ ಹಂತ ಹಂತದ ದರ ತಪ್ಪಿ ಒಟ್ಟು ಬಳಕೆಗೆ ಒಂದೇ ಮೇಲಿನ ದರ ಬೀಳುವುದರಿಂದ, ಆ ಗಡಿಯ ಅಂಚಿನಲ್ಲಿರುವ ಮನೆಗಳಿಗೆ ಈ ಉಳಿತಾಯದ ಬೆಲೆ ಇನ್ನೂ ಹೆಚ್ಚು. ಕರೆಂಟು ಹೋದಾಗ ಬ್ಯಾಟರಿಯ ಮೇಲೆ ಎರಡೂವರೆ ಪಟ್ಟು ಹೆಚ್ಚು ಹೊತ್ತು ಫ್ಯಾನು ತಿರುಗುತ್ತದೆ ಎಂಬುದು ಇನ್ನೊಂದು ಲಾಭ. ಜೂನ್ ತಿಂಗಳಲ್ಲಿ ಮರ ಬಿದ್ದು ಲೈನು ತುಂಡಾಗುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ರೆಕ್ಕೆ ತಿರುಗಿಸಲು ಬೇಕಾದ ಶಕ್ತಿ ವೇಗದ ಘನದಂತೆ ಇಳಿಯುವುದರಿಂದ, ಅರ್ಧ ವೇಗದಲ್ಲಿಟ್ಟ ಬಿಎಲ್‌ಡಿಸಿ ಫ್ಯಾನು ಬೆರಳೆಣಿಕೆಯ ವ್ಯಾಟ್‌ಗಳಲ್ಲಿ ರಾತ್ರಿ ಕಳೆಯುತ್ತದೆ.

2023ರ ಜನವರಿ 1ರಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಕೊಳ್ಳುವಾಗ ನಕ್ಷತ್ರಗಳನ್ನು ಎಣಿಸುವುದರ ಜೊತೆಗೆ ಲೇಬಲ್ಲಿನಲ್ಲಿ ಬರೆದಿರುವ ಗಾಳಿಯ ಪ್ರಮಾಣವನ್ನೂ ಓದಿ. ಕಡಿಮೆ ವಿದ್ಯುತ್ತು ಎಳೆದರೂ ಗಾಳಿಯೇ ಬಾರದಿದ್ದರೆ ನಮ್ಮ ಕರಾವಳಿಯ ಬೆವರಿಗೆ ಅದು ಪ್ರಯೋಜನವಿಲ್ಲ. ರಿಮೋಟ್ ಕಳೆದುಹೋದರೆ ಬೇರೆಯದು ಸಿಗುತ್ತದೆಯೇ, ಬೋರ್ಡು ಕೆಟ್ಟರೆ ಕುಂಬಳೆಯಲ್ಲೋ ಕಾಸರಗೋಡಿನಲ್ಲೋ ರಿಪೇರಿ ಮಾಡುವವರಿದ್ದಾರೆಯೇ ಎಂದು ಹಣ ಕೊಡುವ ಮೊದಲೇ ಕೇಳಿ. ಫ್ಯಾನು ಹತ್ತಾರು ವರ್ಷ ಹಳತಾಗಿದ್ದು ದಿನವಿಡೀ ತಿರುಗುವುದಾದರೆ ಹೊಸದನ್ನು ತರುವುದು ಲೇಸು. ಅತಿಥಿಗಳು ಬಂದಾಗ ಮಾತ್ರ ಹಾಕುವ ಕೋಣೆಯಲ್ಲಾದರೆ ಹಳೆಯದಕ್ಕೇ ರಿಮೋಟ್ ರೆಗ್ಯುಲೇಟರ್ ಸಾಕು.

ನಾಲ್ಕನೆಯ ಹೆಜ್ಜೆ: ಬೋರ್ಡು ತೆರೆಯುವ ಮೊದಲು

ಈ ಕೆಲಸವನ್ನು ಕೇರಳ ರಾಜ್ಯ ವಿದ್ಯುತ್ ಪರವಾನಿಗೆ ಮಂಡಳಿಯ ಪರ್ಮಿಟ್ ಇರುವ ವಯರ್‌ಮನ್‌ನಿಂದ ಮಾಡಿಸಬೇಕು. ಕೆಳಗೆ ಬರೆದಿರುವುದು ಮನೆಯವರು ಪಕ್ಕದಲ್ಲಿ ನಿಂತು, ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ಗಮನಿಸುವುದಕ್ಕಾಗಿ.

ಫ್ಯಾನಿನ ಸ್ವಿಚ್ಚು ಆರಿಸಿದರೆ ಸಾಲದು, ಆ ಸರ್ಕ್ಯೂಟಿನ ಎಂಸಿಬಿಯನ್ನು (ಹೆಚ್ಚು ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್ಚು) ಇಳಿಸಬೇಕು. ಬ್ಯಾಟರಿ ಇನ್ವರ್ಟರ್ ಇರುವ ಮನೆಗಳಲ್ಲಿ ಅದೂ ಸಾಲದು: ಮೇನ್ ಸ್ವಿಚ್ಚು ಇಳಿಸಿದ ಕೂಡಲೇ ಕರೆಂಟು ಹೋಯಿತೆಂದು ಭಾವಿಸಿ ಇನ್ವರ್ಟರ್ ತಾನೇ ಎಚ್ಚರಗೊಂಡು ಫ್ಯಾನಿನ ಸಾಲಿಗೆ 230 ವೋಲ್ಟನ್ನು ಹಾಯಿಸುತ್ತದೆ. ಮೇನ್ ಆರಿದೆ ಎಂಬ ಧೈರ್ಯದಿಂದ ತಂತಿ ಮುಟ್ಟಿದವರಿಗೆ ಶಾಕ್ ಹೊಡೆಯುವುದು ಇಲ್ಲಿಯೇ. ಇನ್ವರ್ಟರಿನ ಸ್ವಿಚ್ಚನ್ನು ಆರಿಸಿ, ಅದರ ಔಟ್‌ಪುಟ್ಟಿನ ಎಂಸಿಬಿ ಇದ್ದರೆ ಅದನ್ನೂ ಇಳಿಸಿ, ಆಮೇಲೆ ಬೋರ್ಡಿನ ಪ್ರತಿಯೊಂದು ತಂತಿಯನ್ನೂ ಟೆಸ್ಟರಿನಿಂದ ಮುಟ್ಟಿ ನೋಡಬೇಕು. ಟೆಸ್ಟರ್ ಸರಿಯಿದೆಯೇ ಎಂಬುದನ್ನು ಮೊದಲೇ ಕರೆಂಟಿರುವ ಸಾಕೆಟ್ಟಿನಲ್ಲಿ ಪರೀಕ್ಷಿಸಿಕೊಂಡಿರಬೇಕು.

ಮುಂದಿನದು ನ್ಯೂಟ್ರಲ್, ಅಂದರೆ ಕರೆಂಟು ಮರಳುವ ತಂತಿಯನ್ನು ಹುಡುಕುವ ಕೆಲಸ, ಹೆಚ್ಚಿನ ತೊಡಕು ಬರುವುದೂ ಇದರಲ್ಲಿಯೇ. ಹಳೆಯ ವಯರಿಂಗಿನಲ್ಲಿ ಕರೆಂಟು ತರುವ ಫೇಸ್ ತಂತಿ ಮಾತ್ರ ಸ್ವಿಚ್ಚಿಗೆ ಇಳಿದು, ಅಲ್ಲಿಂದ ರೆಗ್ಯುಲೇಟರಿಗೆ, ಅಲ್ಲಿಂದ ಫ್ಯಾನಿಗೆ ಹೋಗುತ್ತದೆ. ನ್ಯೂಟ್ರಲ್ ಮೇಲಿನ ಜಂಕ್ಷನ್ನಿನಿಂದ ನೇರವಾಗಿ ಫ್ಯಾನಿಗೆ ಹೋಗಿರುತ್ತದೆ. ಮಾಮೂಲಿ ರೆಗ್ಯುಲೇಟರಿಗೆ ನ್ಯೂಟ್ರಲ್ ಬೇಡ, ಆದರೆ ರಿಮೋಟಿನ ಗ್ರಾಹಕವೂ ವೈಫೈ ಮಾಡ್ಯೂಲೂ ಸದಾ ಎಚ್ಚರವಾಗಿರಬೇಕಾದ್ದರಿಂದ ಅವುಗಳಲ್ಲಿ ಹೆಚ್ಚಿನವಕ್ಕೆ ಅದು ಬೇಕೇ ಬೇಕು. ಬೋರ್ಡಿನಲ್ಲಿ ಮೂರು ತೂತಿನ ಸಾಕೆಟ್ ಇದ್ದರೆ ಅದರ ಹಿಂದೆ ನ್ಯೂಟ್ರಲ್ ಇರುತ್ತದೆ. ಅದಿಲ್ಲದ ಬೋರ್ಡಿನಲ್ಲಿ ಬಣ್ಣ ನೋಡಿ ತೀರ್ಮಾನಿಸುವುದು ಅಪಾಯಕರ. ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು ಎಂಬುದು ನಿಯಮವಾದರೂ, ಕೈಗೆ ಸಿಕ್ಕ ತಂತಿಯನ್ನು ಎಳೆದ ಹಳೆಯ ಮನೆಗಳು ಬೇಕಾದಷ್ಟಿವೆ.

ಪರೀಕ್ಷೆ ಹೀಗೆ ನಡೆಯುತ್ತದೆ; ಇದಕ್ಕಾಗಿ ವಯರ್‌ಮನ್ ಕರೆಂಟನ್ನು ಸ್ವಲ್ಪ ಹೊತ್ತು ಮತ್ತೆ ಹಾಕಿ, ಮುಗಿದ ಕೂಡಲೇ ಮೊದಲಿನಂತೆ ಆರಿಸಬೇಕು. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು) ಇರುವ ಮನೆಗಳಿಗೆ ಮಾತ್ರ ಇದು ಹಿಡಿಸುತ್ತದೆ, ಇಲ್ಲದ ಮನೆಯಲ್ಲಿ ಅರ್ತ್ ತಂತಿಗೂ ಬಲ್ಬು ಬೆಳಗಬಹುದು. ವಯರ್‌ಮನ್ ಒಂದು ಹೋಲ್ಡರಿಗೆ 40 ವ್ಯಾಟಿನ ಹಳೆಯ ತಂತಿಬಲ್ಬು ಹಾಕಿ, ಅದರ ಒಂದು ತುದಿಯನ್ನು ಫೇಸಿಗೂ ಇನ್ನೊಂದನ್ನು ಸಂಶಯದ ತಂತಿಗೂ ಮುಟ್ಟಿಸುತ್ತಾನೆ. ಬಲ್ಬು ಪೂರ್ತಿ ಬೆಳಗಿ ಹಾಗೆಯೇ ಉಳಿದರೆ ಅದು ನ್ಯೂಟ್ರಲ್. ಬಲ್ಬು ಮಿನುಗಿದಂತಾಗಿ ಮನೆಯ ಆರ್‌ಸಿಸಿಬಿ ಠಕ್ ಎಂದು ಬಿದ್ದರೆ ಅದು ಅರ್ತ್, ಏಕೆಂದರೆ ಆ ಬಲ್ಬು ಸುಮಾರು 170 ಮಿಲಿಆಂಪಿಯರ್ ಎಳೆಯುತ್ತದೆ, ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುತ್ತದೆ. ಬರಿಯ ಮಲ್ಟಿಮೀಟರ್ ಇಟ್ಟರೆ ಎರಡು ಕಡೆಯೂ 230 ಎಂದೇ ತೋರಿಸುವುದರಿಂದ ವ್ಯತ್ಯಾಸ ತಿಳಿಯದು. ಅರ್ತ್ ತಂತಿಯನ್ನು ನ್ಯೂಟ್ರಲ್ ಎಂದು ಬಳಸಿ ಕೆಲಸ ಮುಗಿಸುವ ಸುಲಭದ ದಾರಿಯನ್ನು ಯಾರು ಸೂಚಿಸಿದರೂ ಒಪ್ಪಬೇಡಿ. ಅರ್ತ್ ಎಲ್ಲಿಯಾದರೂ ಸಡಿಲವಾದ ದಿನ ಫ್ರಿಜ್ಜಿನ ಮೈಯಲ್ಲೂ ಮಿಕ್ಸಿಯ ಮೈಯಲ್ಲೂ ಕರೆಂಟು ನಿಲ್ಲುತ್ತದೆ.

ನ್ಯೂಟ್ರಲ್ ಅದೇ ಸರ್ಕ್ಯೂಟಿನದ್ದಾಗಿರಬೇಕು ಎಂಬುದೂ ಅಷ್ಟೇ ಮುಖ್ಯ. ಎರಡು ಆರ್‌ಸಿಸಿಬಿಗಳಿರುವ ಮನೆಯಲ್ಲಿ ಒಂದರ ಫೇಸನ್ನೂ ಇನ್ನೊಂದರ ನ್ಯೂಟ್ರಲನ್ನೂ ಬೆರೆಸಿದರೆ ಫ್ಯಾನ್ ಹಾಕಿದಾಗಲೆಲ್ಲ ಒಂದೋ ಎರಡೂ ಒಟ್ಟಿಗೋ ಬೀಳುತ್ತವೆ, ಹೊಸ ಮಾಡ್ಯೂಲೇ ಕೆಟ್ಟಿದೆ ಎಂಬ ದೂರು ಅಂಗಡಿಗೆ ಹೋಗುತ್ತದೆ.

ಬೋರ್ಡಿನಲ್ಲಿ ಎಲ್ಲಿಯೂ ನ್ಯೂಟ್ರಲ್ ಸಿಗದಿದ್ದರೆ ಗೋಡೆ ಒಡೆಯುವ ಅಗತ್ಯವಿಲ್ಲ. ಫ್ಯಾನಿನ ಮೇಲಿನ ಕಪ್ಪಿನೊಳಗೆ ಕೂರುವ ಗ್ರಾಹಕಗಳು ಸಿಗುತ್ತವೆ. ಅಲ್ಲಿ ಫೇಸ್, ನ್ಯೂಟ್ರಲ್ ಎರಡೂ ಇರುವುದರಿಂದ ಸಮಸ್ಯೆ ತಾನಾಗಿಯೇ ಬಗೆಹರಿಯುತ್ತದೆ.

ಐದನೆಯ ಹೆಜ್ಜೆ: ಜೋಡಣೆ

ಗೋಡೆಯ ಬೋರ್ಡಿನಲ್ಲಿ ಜೋಡಿಸುವುದಾದರೆ ಹಳೆಯ ರೆಗ್ಯುಲೇಟರನ್ನು ಮೊದಲು ತೆಗೆಯಬೇಕು. ಎರಡು ರೆಗ್ಯುಲೇಟರುಗಳು ಒಂದೇ ಸಾಲಿನಲ್ಲಿ ಇರಬಾರದು. ಸ್ವಿಚ್ಚಿನಿಂದ ಬರುವ ಫೇಸನ್ನು ಮಾಡ್ಯೂಲಿನ ಫೇಸ್ ತುದಿಗೆ, ನ್ಯೂಟ್ರಲನ್ನು ನ್ಯೂಟ್ರಲ್ ತುದಿಗೆ, ಫ್ಯಾನಿಗೆ ಹೋಗುವ ತಂತಿಯನ್ನು ಫ್ಯಾನ್ ಎಂದು ಗುರುತಿಸಿದ ತುದಿಗೆ ಬಿಗಿಯಬೇಕು. ಫ್ಯಾನಿನ ತುದಿಗೆ ಎಷ್ಟು ವ್ಯಾಟ್ ಹೊರೆ ಕೊಡಬಹುದೆಂದು ಮಾಡ್ಯೂಲಿನ ಮೇಲೆ ಬರೆದಿರುತ್ತದೆ, ಓದಿ ನೋಡಿ. ವೈಫೈ ಮಾಡ್ಯೂಲಿನಲ್ಲಿ ಗೋಡೆಯ ಸ್ವಿಚ್ಚಿಗೆಂದು ಬೇರೆ ತುದಿಗಳಿದ್ದರೆ, ಫೇಸು ನೇರವಾಗಿ ಮಾಡ್ಯೂಲಿಗೆ ಬಂದು, ಸ್ವಿಚ್ಚು ಆ ತುದಿಗಳಿಗೆ ಸೇರಬೇಕು. ಇಲ್ಲದಿದ್ದರೆ ಸ್ವಿಚ್ಚು ಆರಿಸಿದಾಗ ಮಾಡ್ಯೂಲೇ ಸತ್ತು ಫೋನಿನಿಂದ ಏನೂ ನಡೆಯದು.

ತಂತಿಯ ತುದಿಯಲ್ಲಿ ಇನ್ಸುಲೇಶನ್ನನ್ನು ತಿರುಪಿನೊಳಗೆ ಹೋಗುವಷ್ಟೇ ಬಿಡಿಸಿ, ಎಳೆಗಳನ್ನು ಹುರಿ ಮಾಡಿ, ಬಿಗಿದ ನಂತರ ಒಮ್ಮೆ ಎಳೆದು ನೋಡುವುದು ವಾಡಿಕೆ. ಸಡಿಲವಾದ ತಿರುಪು ನಮ್ಮ ತೇವದ ಹವೆಯಲ್ಲಿ ಬೇಗ ಕಪ್ಪಾಗಿ ಕಿಡಿ ಹಾರಿಸುತ್ತದೆ. ಹಳೆಯ ಬೋರ್ಡು ತೆರೆದಾಗ ಒಳಗೆ ಇರುವೆಯ ಗೂಡು, ಹಲ್ಲಿಯ ಮೊಟ್ಟೆ, ಮಣ್ಣಿನ ಹುಡಿ ಕಾಣುವುದು ಸಾಮಾನ್ಯ. ಒಣ ಬ್ರಶ್ಶಿನಿಂದ ಅದನ್ನೆಲ್ಲ ತೆಗೆದು, ತಂತಿ ಒಳಬರುವ ತೂತುಗಳನ್ನು ಮುಚ್ಚಿದ ನಂತರವೇ ಮಾಡ್ಯೂಲನ್ನು ಕೂರಿಸಬೇಕು. ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಇರುವೆ ಗೂಡು ಕಟ್ಟಿದರೆ ಅದು ಬಾಳುವುದಿಲ್ಲ. ಮರದ ಹಲಗೆಯ ಮೇಲೆ ಬಟ್ಟೆಯ ಹೊದಿಕೆಯ ತಂತಿಗಳಿರುವ ಮನೆಯಾದರೆ ರಿಮೋಟಿನ ಯೋಚನೆಯನ್ನು ಬದಿಗಿಟ್ಟು ಆ ಕೋಣೆಯ ವಯರಿಂಗನ್ನು ಮೊದಲು ಬದಲಾಯಿಸಿ.

ಕಪ್ಪಿನೊಳಗೆ ಜೋಡಿಸುವಾಗ ಗ್ರಾಹಕದ ಕಣ್ಣು ಕೆಳಗೆ ಇಣುಕುವಂತಿರಬೇಕು, ಅದರ ತಂತಿ ತಿರುಗುವ ಭಾಗಕ್ಕೆ ತಾಗಬಾರದು. ಹಂಚಿನ ಮನೆಯಲ್ಲಿ ಫ್ಯಾನು ಮರದ ತೊಲೆಯ ಕೊಕ್ಕೆಗೆ ತೂಗುತ್ತಿದ್ದರೆ, ಏಣಿ ಇಟ್ಟ ಈ ಸಂದರ್ಭದಲ್ಲಿಯೇ ಕೊಕ್ಕೆ, ಬೋಲ್ಟು, ಸೀಳುಪಿನ್ನು ಇವುಗಳನ್ನೂ ಪರೀಕ್ಷಿಸಿಬಿಡಿ.

ಆರನೆಯ ಹೆಜ್ಜೆ: ಪರೀಕ್ಷೆ, ಮತ್ತು ಬರಬಹುದಾದ ತೊಂದರೆಗಳು

ಕರೆಂಟು ಹಾಕಿದ ಮೇಲೆ ಪ್ರತಿ ವೇಗದಲ್ಲಿ ಫ್ಯಾನನ್ನು ಕೆಲವು ನಿಮಿಷ ಓಡಿಸಿ. ಅತಿ ಕಡಿಮೆ ವೇಗದಲ್ಲಿ ನಿಂತ ಸ್ಥಿತಿಯಿಂದ ತಾನಾಗಿ ತಿರುಗಲು ಆರಂಭಿಸುತ್ತದೆಯೇ ಎಂದು ನೋಡಬೇಕು. ತಿರುಗದೆ ಗುಂಯ್‌ಗುಟ್ಟಿದರೆ ಅಥವಾ ಪೂರ್ತಿ ವೇಗದಲ್ಲೂ ಗಾಳಿ ಸಾಲದಿದ್ದರೆ ಮಾಡ್ಯೂಲನ್ನು ದೂರುವ ಮೊದಲು ಫ್ಯಾನಿನ ಕೆಪಾಸಿಟರನ್ನು ಬದಲಾಯಿಸಿ ನೋಡಿ. ವರ್ಷಗಳು ಕಳೆದಂತೆ ಅದರ ಶಕ್ತಿ ಕುಂದುತ್ತದೆ. ಮೊದಲಿದ್ದಷ್ಟೇ ಮೈಕ್ರೊಫ್ಯಾರಡ್‌ನ, 440 ವೋಲ್ಟಿನ ಕೆಪಾಸಿಟರನ್ನೇ ಹಾಕಿಸಿ. ಹೆಚ್ಚಿನದನ್ನು ಹಾಕಿದರೆ ವೇಗ ಹೆಚ್ಚುತ್ತದೆ ಎಂಬ ಸಲಹೆ ಕೇಳಿದರೆ ಮೋಟಾರು ಬಿಸಿಯಾಗಿ ಬೇಗ ಹಾಳಾಗುತ್ತದೆ.

ಇನ್‌ಫ್ರಾರೆಡ್ ರಿಮೋಟಿಗೆ ಫ್ಯಾನು ಓಗೊಡದಿದ್ದರೆ ತಪ್ಪು ಯಾರದೆಂದು ತಿಳಿಯುವ ಸುಲಭ ವಿಧಾನವಿದೆ. ಫೋನಿನ ಕ್ಯಾಮೆರಾ ತೆರೆದು ರಿಮೋಟಿನ ತುದಿಯನ್ನು ಅದಕ್ಕೆ ತೋರಿಸಿ ಗುಂಡಿ ಒತ್ತಿದರೆ, ಕಣ್ಣಿಗೆ ಕಾಣದ ಬೆಳಕು ಪರದೆಯಲ್ಲಿ ನಸುನೇರಳೆಯಾಗಿ ಮಿನುಗುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿ. ಎರಡರಲ್ಲೂ ಮಿನುಗದಿದ್ದರೆ ಸೆಲ್ಲು ಮುಗಿದಿದೆ, ಇಲ್ಲವೇ ಮಳೆಗಾಲದಲ್ಲಿ ಸೆಲ್ಲು ಸೋರಿ ತಗಡಿನ ತುದಿಗೆ ಹಸಿರು ಕಿಲುಬು ಹಿಡಿದಿದೆ. ಮಿನುಗುತ್ತಿದ್ದರೆ ತೊಂದರೆ ಗ್ರಾಹಕದ ಕಡೆಯದು. ಕಿಟಕಿಯ ನೇರ ಬಿಸಿಲು ಗ್ರಾಹಕದ ಕಣ್ಣಿಗೆ ಬೀಳುತ್ತಿದ್ದರೂ ಹೀಗಾಗುತ್ತದೆ. ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಫ್ಯಾನು ಸದ್ದು ಮಾಡಿದರೆ ಆ ಇನ್ವರ್ಟರ್ ಚೌಕ ಅಲೆಯದ್ದು. ಹಳೆಯ ಫ್ಯಾನುಗಳಿಗೆ ಸೈನ್ ಅಲೆಯ ಇನ್ವರ್ಟರೇ ಹಿತ.

ನಮ್ಮ ಕಡೆ ಏಪ್ರಿಲ್ ಮೇ ತಿಂಗಳ ಸಂಜೆಯ ಸಿಡಿಲೂ ತುಲಾ ಮಾಸದ ಸಿಡಿಲೂ ಎಲೆಕ್ಟ್ರಾನಿಕ್ ಬೋರ್ಡುಗಳ ದೊಡ್ಡ ಶತ್ರುಗಳು. ಹಳೆಯ ಫ್ಯಾನಿನ ತಾಮ್ರದ ಕಾಯಿಲ್ ತಡೆದುಕೊಳ್ಳುತ್ತಿದ್ದ ಏರಿಳಿತವನ್ನು ಬಿಎಲ್‌ಡಿಸಿ ಬೋರ್ಡು ತಡೆಯದು. ಮೇನ್ ಬೋರ್ಡಿನಲ್ಲಿ ಸರ್ಜ್ ರಕ್ಷಕವನ್ನು ಹಾಕಿಸಿ, ಅದು ಕೆಲಸ ಮಾಡಬೇಕಾದರೆ ಮನೆಯ ಅರ್ತ್ ಗಟ್ಟಿಯಾಗಿರಬೇಕು ಎಂಬುದನ್ನು ಮರೆಯಬೇಡಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗುವುದರಿಂದ ಅರ್ತ್ ಗುಂಡಿಗೆ ಆಗಾಗ ನೀರು ಹೊಯ್ಯುವ ನಮ್ಮ ಹಿರಿಯರ ರೂಢಿಗೆ ಅರ್ಥವಿದೆ. ಗುಡುಗು ಸಮೀಪಿಸಿದಾಗ ರಿಮೋಟಿನಿಂದ ಫ್ಯಾನ್ ಆರಿಸಿದರೆ ಬೋರ್ಡು ಲೈನಿಗೆ ಅಂಟಿಕೊಂಡೇ ಇರುತ್ತದೆ. ಗೋಡೆಯ ಸ್ವಿಚ್ಚು ಅಥವಾ ಎಂಸಿಬಿಯನ್ನು ಮಿಂಚು ಹತ್ತಿರವಾಗುವ ಮೊದಲೇ ಆರಿಸಬೇಕು.

ಉಳಿದ ಉಪಕರಣಗಳು

ಟೇಬಲ್ ಫ್ಯಾನಿನ ಮೂರು ಗುಂಡಿಗಳು ಕಾಯಿಲ್ಲಿನ ಮೂರು ಬೇರೆ ಬೇರೆ ಕವಲುಗಳಿಗೆ ಸೇರಿರುತ್ತವೆ. ಅದಕ್ಕೆ ರಿಮೋಟ್ ಬೇಕಾದರೆ ಮೂರು ರಿಲೇಗಳ (ಸಂಕೇತ ಬಂದಾಗ ತಾನೇ ಮುಚ್ಚುವ ಸ್ವಿಚ್ಚುಗಳ) ಮಾಡ್ಯೂಲ್ ಬೇಕು, ಮತ್ತು ಒಂದು ಸಲಕ್ಕೆ ಒಂದೇ ರಿಲೇ ಮುಚ್ಚುವ ತಡೆ ಅದರಲ್ಲಿರಬೇಕು. ಎರಡು ಕವಲುಗಳಿಗೆ ಒಟ್ಟಿಗೆ ಕರೆಂಟು ಹೋದರೆ ಕಾಯಿಲ್ ಸುಡುತ್ತದೆ. ಮಿಕ್ಸಿಯ ವೇಗವನ್ನು ದೂರದಿಂದ ಬದಲಿಸುವುದು ತಾಂತ್ರಿಕವಾಗಿ ಸುಲಭ, ಆದರೆ ಬ್ಲೇಡಿನ ಹತ್ತಿರ ಯಾರ ಕೈಯಿದೆಯೆಂದು ಕಾಣದ ಜಾಗದಿಂದ ಅದನ್ನು ಓಡಿಸುವ ಏರ್ಪಾಟನ್ನು ಯಾವ ಮನೆಯಲ್ಲಿಯೂ ಮಾಡಬಾರದು. ವಾಷಿಂಗ್ ಮಶೀನು, ಇನ್ವರ್ಟರ್ ಎಸಿ, ಇನ್ವರ್ಟರ್ ಫ್ರಿಜ್ಜು ಇವುಗಳ ವೇಗವನ್ನು ಅವುಗಳ ಬೋರ್ಡೇ ನೋಡಿಕೊಳ್ಳುತ್ತದೆ. ಕಂಪೆನಿ ಕೊಟ್ಟ ಆ್ಯಪ್ ಅಥವಾ ರಿಮೋಟಿನ ಹೊರತು ಬೇರೇನನ್ನೂ ಸೇರಿಸುವಂತಿಲ್ಲ.

ಇನ್ನು ಪಂಪು. ಬಾವಿಯ ಸಿಂಗಲ್ ಫೇಸ್ ಪಂಪಿಗೆ ಫ್ಯಾನಿನ ರೆಗ್ಯುಲೇಟರನ್ನು, ಅದು ಎಷ್ಟು ದೊಡ್ಡದಾಗಿದ್ದರೂ, ಜೋಡಿಸಬಾರದು. ಕಾರಣ ನೀರಿನ ಲೆಕ್ಕದಲ್ಲಿದೆ. ಪಂಪಿನ ವೇಗವನ್ನು 80 ಪ್ರತಿಶತಕ್ಕೆ ಇಳಿಸಿದರೆ ಅದು ನೀರೆತ್ತಬಲ್ಲ ಎತ್ತರ 64 ಪ್ರತಿಶತಕ್ಕೆ ಇಳಿಯುತ್ತದೆ. ಪೂರ್ಣ ವೇಗದಲ್ಲಿ ಹೆಚ್ಚೆಂದರೆ 30 ಮೀಟರ್ ಎತ್ತಬಲ್ಲ ಪಂಪು ಆಗ 19 ಮೀಟರಿನಷ್ಟೇ ಎತ್ತಬಲ್ಲದು. ಬಾವಿಯ ನೀರಿನಿಂದ ಟ್ಯಾಂಕಿಗೆ 20 ಮೀಟರ್ ಇದ್ದರೆ ಒಂದು ಹನಿಯೂ ಮೇಲೇರದೆ ಮೋಟಾರು ಸುಮ್ಮನೆ ತಿರುಗಿ ಬಿಸಿಯಾಗುತ್ತದೆ. ಸೆಂಟ್ರಿಫ್ಯೂಗಲ್ ಸ್ವಿಚ್ಚು (ವೇಗ ಏರಿದ ಮೇಲೆ ಸ್ಟಾರ್ಟಿಂಗ್ ಕಾಯಿಲನ್ನು ಕಡಿಯುವ ಸ್ವಿಚ್ಚು) ಇರುವ ಮೋಟಾರಿನಲ್ಲಾದರೆ, ವೇಗ ಇಳಿದಾಗ ಆ ಸ್ವಿಚ್ಚು ಮತ್ತೆ ಮುಚ್ಚಿ, ಕ್ಷಣಕಾಲಕ್ಕೆಂದು ಮಾಡಿದ ಸ್ಟಾರ್ಟಿಂಗ್ ಕಾಯಿಲ್ ನಿರಂತರ ಕರೆಂಟಿಗೆ ಸುಟ್ಟುಹೋಗುತ್ತದೆ.

ಪಂಪಿಗೆ ಬೇಕಾದದ್ದು ದೂರದಿಂದ ಚಾಲೂ ಮಾಡುವ, ನಿಲ್ಲಿಸುವ ವ್ಯವಸ್ಥೆ. ತೋಟದ ಕೆರೆಯೋ ಬಾವಿಯೋ ಮನೆಯಿಂದ ದೂರವಿದ್ದರೆ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಅನುಕೂಲ. ಪಂಪು ಆರಂಭದಲ್ಲಿ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು ಇರುವುದರಿಂದ ಸ್ಟಾರ್ಟರ್ ಒಂದು ಕಾಂಟ್ಯಾಕ್ಟರಿನ (ಹೆಚ್ಚು ಕರೆಂಟು ತಡೆಯುವ ದೊಡ್ಡ ರಿಲೇ) ಮೂಲಕವೇ ಪಂಪನ್ನು ಓಡಿಸಬೇಕು. ಎದುರಿನಲ್ಲಿ ನಿಂತು ನೋಡುವವರಿಲ್ಲದ್ದರಿಂದ, ನೀರು ಬತ್ತಿದಾಗ ತಾನೇ ನಿಲ್ಲಿಸುವ ಡ್ರೈ ರನ್ ರಕ್ಷಣೆ ಅದರಲ್ಲಿ ಇರಲೇಬೇಕು. ಏಪ್ರಿಲಿನಲ್ಲಿ ತಳ ಕಾಣುವ ಬಾವಿಗಳ ಊರು ನಮ್ಮದು. ಅಡಿಕೆ ತೋಟದ ಸ್ಪ್ರಿಂಕ್ಲರಿಗಾಗಿ ನಿಜವಾಗಿಯೂ ವೇಗ ಬದಲಿಸಬೇಕೆಂದಿದ್ದರೆ ಮೂರು ಫೇಸ್ ಮೋಟಾರಿಗೆ ವಿಎಫ್‌ಡಿ ಹಾಕಿಸಬೇಕು. ಅದು ವೋಲ್ಟೇಜನ್ನೂ ಹರ್ಟ್ಸನ್ನೂ ಒಟ್ಟಿಗೆ ಬದಲಿಸುವುದರಿಂದ ಮೋಟಾರು ಬಿಸಿಯಾಗದೆ ನಿಧಾನವಾಗುತ್ತದೆ. ಕೆಲವು ಗೇಟ್ ವಾಲ್ವುಗಳನ್ನು ಮುಚ್ಚಿ ಕಡಿಮೆ ಸ್ಪ್ರಿಂಕ್ಲರುಗಳನ್ನು ಓಡಿಸುವಾಗ ಪೈಪು ಒಡೆಯುವುದೂ ತಪ್ಪುತ್ತದೆ.

ಕೆಲಸ ಮುಗಿದ ದಿನವೇ ಯಾವ ತಂತಿ ಎಲ್ಲಿಗೆ ಹೋಗಿದೆ, ನ್ಯೂಟ್ರಲ್ ಎಲ್ಲಿಂದ ತೆಗೆದದ್ದು ಎಂಬುದನ್ನು ವಯರ್‌ಮನ್ ಕೈಯಿಂದಲೇ ಒಂದು ಕಾಗದದಲ್ಲಿ ಬರೆಸಿ, ಬೋರ್ಡಿನ ಮುಚ್ಚಳದ ಒಳಬದಿಯಲ್ಲಿ ಅಂಟಿಸಿಬಿಡಿ. ರಿಮೋಟಿನ ಇಂಗ್ಲಿಷ್ ಗುಂಡಿಗಳ ಪಕ್ಕದಲ್ಲಿ ಹಿರಿಯರಿಗೆ ಕಾಣುವಷ್ಟು ದಪ್ಪಕ್ಕೆ ಹೆಚ್ಚು, ಕಡಿಮೆ, ನಿಲ್ಲಿಸು ಎಂದು ಕನ್ನಡದಲ್ಲಿ ಬರೆದು, ಮಂಚದ ತಲೆಯ ಕಡೆ ಕೈಗೆಟಕುವಲ್ಲಿ ದಾರದಿಂದ ಕಟ್ಟಿ, ಅವರ ಕೈಯಲ್ಲೇ ಕೆಲವು ಸಲ ಒತ್ತಿಸಿ ನೋಡಿ.